ಕೌದಿ ಗೋಡೆಗಲ್ಲ, ಮೈಮೇಲಕ್ಕ

1/4
ಅಜ್ಜಿ ಹೋದ ಮೇಲೆ ಆಕಿ ಹೊಲಿದ ಕೌದಿ ಎಲ್ಲಿಗೆ ಹೋಗತೈತಿ? ನಿಮ್ಮ ನಿಮ್ಮ ಮನ್ಯಾಗ ಒಮ್ಮೆ ಕೇಳಿ ನೋಡ್ರಿ. ಬಹಳಷ್ಟು ಮನೆಗಳಲ್ಲಿ ಟ್ರ್ಯಾಕ್ಟರ್ ಸೀಟಿಗೆ, ಇಲ್ಲಾಂದ್ರ ನಾಯಿಗೆ. ಪ್ರೀತಿ ಜಾಸ್ತಿ ಇದ್ದ ಮನ್ಯಾಗ ನುಸಿ ಗುಳಿಗಿ ಹಾಕಿ ಟ್ರಂಕಿನಾಗ ಇಟ್ಟು ಕೀಲಿ ಜಡೀತಾರ. ನಮ್ಮ ವಯಸ್ಸಿನವರ ಕೈಗೆ ಸಿಕ್ಕರೆ ಗೋಡೆಗೆ ನೇತು ಹಾಕಿ, ಕೆಳಗ ‘ವಿಂಟೇಜ್’ ಅಂತ ಬರೀತಾರ.

ನಮ್ಮಜ್ಜಿ ತೀರಿಕೊಂಡು ಎಂಟು ತಿಂಗಳಾತು. ನಾಲ್ಕು ಕೌದಿ ಬಿಟ್ಟು ಹೋಗ್ಯಾಳ. ಕಾಕಾ ‘ಸತ್ತವರ ಹಾಸಿಗಿ ಮನ್ಯಾಗ ಇರಬಾರದು, ಕೊಟ್ಟುಬಿಡ್ರಿ’ ಅಂತಾರ. ಅತ್ತಿ ‘ಟ್ರಂಕಿನಾಗ ಇರಲಿ, ನೆನಪಿಗೆ’ ಅಂತಾಳ. ನಾ ಇಬ್ಬರ ಜೋಡಿನೂ ಜಗಳಾ ತೆಗೆದೀನಿ. ಅದನ್ನೇ ಬರೀತೀನಿ, ಉದ್ದ ಐತಿ, ಸ್ವೈಪ್ ಮಾಡ್ರಿ.

2/4
‘ಹಳೇ ಅರಿವಿ ತಾನೆ’ ಅನ್ನೋರು ಮೊದಲು ಜೂಮ್ ಮಾಡ್ರಿ. ಕೆಂಪಂದು ಇಳಕಲ್ ಸೀರೆಯ ಟೋಪತೆನಿ ಸೆರಗು. ಮೂಲ್ಯಾಗಿನದು ಗುಳೇದಗುಡ್ಡ ಖಣ, ಅವ್ವನ ಕುಬಸಕ್ಕ ತಂದಿದ್ದು. ಬಿಳಿದು ಅಜ್ಜನ ಧೋತ್ರ. ಆ ನೀಲಿ ತುಂಡು ನನ್ನ ಸಾಲಿ ಚಡ್ಡಿ, ನಗಬ್ಯಾಡ್ರಿ.

ಬಿಕಾಂನಾಗ ಕಾಸ್ಟಿಂಗ್ ಓದ್ತೀವಲ್ಲ, ಲೆಕ್ಕ ಹಾಕೋಣು. ಮಟೀರಿಯಲ್ ಹಳೇ ಅರಿವಿ, ಅಂದ್ರ ಸೊನ್ನೆ. ದಾರಕ್ಕ ಸ್ವಲ್ಪ ರೊಕ್ಕ. ಲೇಬರ್? ಮಧ್ಯಾಹ್ನ ಭಾಂಡಿ ತಿಕ್ಕಿದ ಮ್ಯಾಲ ಅಜ್ಜಿ ದಿನಾ 2 ತಾಸು ಕೂಡ್ತಿದ್ಲು, ಒಂದು ಕೌದಿಗೆ ಒಂದೂವರೆ ತಿಂಗಳು. 90 ತಾಸು ಆತು. 8 ತಾಸಿಗೆ 400 ರೂಪಾಯಿ ಕೂಲಿ ಅಂತ ಹಿಡಿದರೂ 4,500. ನಾಲ್ಕಕ್ಕ 18,000. ಈ ಕಾಲಮ್ ಯಾರೂ ಯಾವತ್ತೂ ತುಂಬಿಲ್ಲ.

ಇನ್ನು ಸತ್ತವರ ಹಾಸಿಗಿ ಅನ್ನೋ ಮಾತು. ಆಕಿ ಹೊಲ, ಆಕಿ ಮನಿ, ಆಕಿ ಕಿವಿಯ ಬೆಂಡೋಲಿ, ಯಾವುದಕ್ಕೂ ಈ ಮೈಲಿಗಿ ತಟ್ಟಲಿಲ್ಲ ನೋಡ್ರಿ.

3/4
ಈಗ ಟ್ರಂಕಿನವರು, ಗೋಡೆಯವರು. ‘ಬಳಸಿದ್ರ ಹಾಳಾಗತೈತಿ’ ಅಂತೀರಿ. ಕೌದಿ ಹುಟ್ಟಿದ್ದೇ ಹಾಳಾದ ಬಟ್ಟೆಯಿಂದ. ಮೇಲಿನ ಪದರ ಸವೆದರೆ ಅದರ ಮೇಲೆ ಇನ್ನೊಂದು ಸೀರಿ ಹಾಸಿ ಮತ್ತೆ ಟಾಕಿ ಹಾಕ್ತಾರ, ಹಳೇದು ಹೊಟ್ಟಿಯೊಳಗ ಉಳೀತೈತಿ. ಈ ಕೌದಿಗೆ ಹಂಗ ಎರಡು ಸಲ ಆಗೈತಿ. ಹರಿದಲ್ಲಿ ಬೆರಳು ಹಾಕಿದ್ರ ಒಳಗ ಅಜ್ಜಿಯ ಅತ್ತಿ ಸೀರಿ ಕಾಣತೈತಿ. ಮಡಚಿ ಇಟ್ಟಿದ್ದು ಮಡಿಕಿಯಲ್ಲೇ ಸೀಳತೈತಿ, ಇಲಿ ಹೊಕ್ಕರಂತೂ ಮುಗೀತು. ದಸರಾ ಮುಂದ ಹಳ್ಳಕ್ಕ ಒಯ್ದು ಒಗೆದು, ಇಬ್ಬರು ಎರಡೂ ತುದಿ ಹಿಡಿದು ಹಿಂಡಿ, ಬಿಸಿಲಿಗೆ ಹರವಿದ ಕೌದಿ ವರ್ಷದಿಂದ ವರ್ಷಕ್ಕ ಮೆತ್ತಗಾಗತೈತಿ.

ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳ ಕೌದಿ ರೀಲ್ ಎಲ್ಲರೂ ಶೇರ್ ಮಾಡ್ತೀರಿ. ಅವರು ಅಂಚಿನಿಂದ ಶುರು ಮಾಡಿ ಸುತ್ತ ಹೊಲೀತಾ ನಡುವಿಗೆ ಬಂದು ಮುಗಿಸ್ತಾರ. ಮೂಲೆಗಳಿಗೆ ಮಡಚಿದ ತ್ರಿಕೋನದ ‘ಫೂಲ’ ಇಡ್ತಾರ, ಅದಿಲ್ಲದ ಕೌದಿ ಬತ್ತಲೆ ಅಂತ ಅವರ ಲೆಕ್ಕ. ಅಮೆರಿಕದಲ್ಲಿ ಪ್ರದರ್ಶನವೂ ಆಗೈತಿ, ಖುಷಿ. ಆದರೆ ಅವರು ಹೊಲಿದದ್ದು ಚಳಿಗೆ ಕೂಸು ಹೊದಿಸಾಕ. ಅದನ್ನ ಮೊಳೆಗೆ ಸಿಕ್ಕಿಸಿ ಅಂತ ಯಾವ ಅಜ್ಜಿ ಹೇಳಿದ್ಲು?

4/4
ಹೊದ್ಕೋರಿ. ಹಾಸ್ಟೆಲ್‌ಗೆ ಒಯ್ರಿ. ರೂಮ್‌ಮೇಟ್ ‘ಚಿಂದಿ’ ಅಂತ ನಗಲಿ, ಮಾರ್ಚ್ ಸೆಕಿಯಾಗ ತನ್ನ ಪಾಲಿಯೆಸ್ಟರ್ ಬ್ಲಾಂಕೆಟ್ಟಿನಾಗ ಅವನೇ ಬೇಯ್ತಾನ. ಹರಿದ್ರ ಹೊಲೀರಿ. ಹುಡುಗರಾ, ಹೊಲಿಗಿ ಹೆಣ್ಣುಮಕ್ಕಳ ಕೆಲಸ ಅನ್ನಬ್ಯಾಡ್ರಿ, ನಿಮ್ಮ ಅಂಗಿ ಹೊಲಿಯೋ ಟೇಲರ್ ಯಾರು? ಬರಂಗಿಲ್ಲ ಅಂದ್ರ ಹೊಲಿಯೋರಿಗೆ ರೊಕ್ಕ ಕೊಟ್ಟು ಹೊಲಿಸ್ರಿ. ಚೌಕಾಸಿಗೆ ಬಾಯಿ ತೆಗೆಯೋ ಮುಂಚೆ ಮೇಲಿನ 90 ತಾಸಿನ ಲೆಕ್ಕ ಇನ್ನೊಮ್ಮೆ ನೋಡ್ರಿ.

ಈ ಫೋಟೋದಾಗಿನ ಹಸಿರು ದಾರದ ಸೊಟ್ಟ ಸಾಲು ನಂದು. ಅಜ್ಜಿ ಟಾಕಿ ಅಕ್ಕಿಕಾಳಿನಷ್ಟು, ನಂದು ಶೇಂಗಾದಷ್ಟು. ಅತ್ತಿ ನೋಡಿ ಬೈದಳು, ಆಮೇಲೆ ಚಸ್ಮಾ ಹಾಕ್ಕೊಂಡು ಪಕ್ಕಕ್ಕ ಕುಂತಳು. ಆದರೂ ಟ್ರಂಕಿನ ಕೀಲಿ ಆಕಿ ಕಡೆನೇ ಐತಿ, ಮೂರು ಕೌದಿ ಒಳಗ ಅದಾವ. ಜಗಳ ಇನ್ನೂ ನಡದೈತಿ.

#ಕೌದಿ #ಅಜ್ಜಿ #ಉತ್ತರಕರ್ನಾಟಕ #ಹೊದ್ಕೋರಿ