ರಾಜರ ಕಣಿವೆಯಲ್ಲಿ ಕೂಲಿಕಾರನ ಸೈಕಲ್ಲು

ಫ್ರಾನ್ಸ್ ದೇಶದ ನದೀಕಣಿವೆಗಳಲ್ಲಿ ಸೈಕಲ್ ಪ್ರವಾಸ ಮಾಡಿಸುತ್ತೇವೆಂದು ಕೂಗುವ ಪ್ರವಾಸಿ ಕಂಪನಿಗಳ ಬಣ್ಣಬಣ್ಣದ ಜಾಹೀರಾತುಗಳನ್ನು ವಾಚಕರು ನೋಡಿರಬಹುದು. ಚಿತ್ರದಲ್ಲಿ ಲುವಾರ್ ನದಿಯಿದೆ, ದ್ರಾಕ್ಷಿತೋಟವಿದೆ, ಅರಮನೆಯಿದೆ. ಗಿರಾಕಿಯ ಗಂಟುಮೂಟೆಯನ್ನು ಕಂಪನಿಯ ವ್ಯಾನು ಮುಂದಿನ ಹೋಟೆಲಿಗೆ ಮುಟ್ಟಿಸುತ್ತದೆ. ಗಿರಾಕಿ ಹಗುರವಾಗಿ ಪೆಡಲು ತುಳಿದರಾಯಿತು. ರಾಜರ ಕಣಿವೆಯಲ್ಲಿ ರಾಜರಂತೆ ಸವಾರಿ ಮಾಡಿ ಎಂಬುದು ಇವರ ಮಾತಿನ ಸಾರ.

ರಾಜರ ಹೆಸರು ಇದೆ, ರಾಣಿಯರ ಹೆಸರು ಇದೆ. ಆ ದಾರಿಯನ್ನು ಕಟ್ಟಿದವನ ಹೆಸರಿಲ್ಲ. ಆ ದಾರಿಯಲ್ಲಿ ಬಿಡುವಾಗಿ ಸೈಕಲ್ ತುಳಿಯುವ ಹಕ್ಕನ್ನು ಹೋರಾಡಿ ಪಡೆದವನ ಹೆಸರೂ ಇಲ್ಲ. ನಾವು ಫ್ರಾನ್ಸನ್ನು ಕಣ್ಣಾರೆ ಕಂಡವರಲ್ಲ. ಆದರೆ ಚರಿತ್ರೆ ಓದುವುದಕ್ಕೆ ಪಾಸ್‌ಪೋರ್ಟು ಬೇಕಾಗಿಲ್ಲ.

ಮೊದಲು ದಾರಿಯ ವಿಚಾರ. ನೆವೇರ್ ಪಟ್ಟಣದ ಹತ್ತಿರದಿಂದ ಅಟ್ಲಾಂಟಿಕ್ ಸಾಗರದವರೆಗೆ ಲುವಾರ್ ನದಿಯ ಗುಂಟ ಸುಮಾರು 900 ಕಿಲೋಮೀಟರ್ ಸೈಕಲ್ ದಾರಿಯಿದೆ. ಅದು ಎಷ್ಟೋ ಕಡೆ ಪ್ರವಾಹ ತಡೆಯುವ ಮಣ್ಣಿನ ಒಡ್ಡುಗಳ ಮೇಲೆ ಸಾಗುತ್ತದೆ. ಆ ಒಡ್ಡುಗಳನ್ನು ನೂರಾರು ವರ್ಷ ಮಣ್ಣು ಹೊತ್ತು ಎತ್ತರಿಸಿದವರು ರೈತರು, ಕೂಲಿಗಳು. ದಕ್ಷಿಣದಲ್ಲಿ ತುಲೂಸ್ ನಗರದಿಂದ ಮೆಡಿಟರೇನಿಯನ್ ಕಡೆಗೆ ಹರಿಯುವ 240 ಕಿಲೋಮೀಟರಿನ ಮಿದಿ ಕಾಲುವೆಯ ದಂಡೆಯೂ ಸೈಕಲ್ ಪ್ರವಾಸಿಗಳಿಗೆ ಅಚ್ಚುಮೆಚ್ಚು. ಅದನ್ನು 1681ರಲ್ಲಿ ತೆರೆದರು. ಕೆಲಸದ ಭರಾಟೆಯ ಕಾಲದಲ್ಲಿ ಸುಮಾರು 12,000 ಮಂದಿ ಅಲ್ಲಿ ದುಡಿದರು. ಹೆಂಗಸರು ಬುಟ್ಟಿಯಲ್ಲಿ ಮಣ್ಣು ಹೊತ್ತರು. ಆಳು ಸಿಗದೆ ಕೆಲಸ ನಿಲ್ಲುವ ಭಯವಿದ್ದುದರಿಂದ ಗುತ್ತಿಗೆ ಹಿಡಿದ ರೀಕೆ ಎಂಬ ಧನಿಕ ಮಳೆಯ ದಿನದ, ಹಬ್ಬದ ದಿನದ ಕೂಲಿಯನ್ನೂ ಮುರಿಯದೆ ಕೊಡಬೇಕಾಯಿತು. ಇಂದು ಪ್ರವಾಸಿ ಸೈಕಲ್ ತುಳಿಯುವ ಆ ದಂಡೆ ಅಂದು ದೋಣಿ ಎಳೆಯುವ ಕುದುರೆಗಳ ದಾರಿ.

ಇನ್ನು ಅರಮನೆ. ಲುವಾರ್ ಕಣಿವೆಯ ಶಾಂಬೋರ್ ಅರಮನೆಯ ಕೆಲಸವನ್ನು ಮೊದಲನೆಯ ಫ್ರಾನ್ಸ್ವಾ ದೊರೆ 1519ರಲ್ಲಿ ಆರಂಭಿಸಿದ. ಕೋಣೆಗಳು ನಾನೂರಕ್ಕೂ ಹೆಚ್ಚು. ತನ್ನ ಇಡೀ ಆಳ್ವಿಕೆಯಲ್ಲಿ ಆ ದೊರೆ ಅಲ್ಲಿ ತಂಗಿದ ದಿನಗಳನ್ನೆಲ್ಲ ಕೂಡಿದರೂ ಮೂರು ತಿಂಗಳಾಗುವುದಿಲ್ಲ! ಕೈ ಕೆಸರಾದರೆ ಬಾಯಿ ಮೊಸರು ಎಂದು ಗಾದೆ ಹೇಳುತ್ತದೆ. ಕೆಸರಾದ ಕೈ ಯಾರದು, ಮೊಸರುಂಡ ಬಾಯಿ ಯಾರದು ಎಂಬುದನ್ನು ಗಾದೆ ಹೇಳುವುದಿಲ್ಲ. ಅದನ್ನು ನಾವೇ ಕೇಳಬೇಕು.

ಈಗ ಮುಖ್ಯ ವಿಷಯಕ್ಕೆ ಬರೋಣ. ದಾರಿಯಿದ್ದರೆ ಸಾಕೆ? ಸೈಕಲ್ಲಿದ್ದರೆ ಸಾಕೆ? ಫ್ರಾನ್ಸಿನ ಕಾರ್ಮಿಕನಿಗೆ ಸೈಕಲ್ ಹೊಸದೇನೂ ಆಗಿರಲಿಲ್ಲ. ಬೆಳಗ್ಗೆ ಅದನ್ನೇರಿ ಗಿರಣಿಗೆ ಹೋಗುತ್ತಿದ್ದ, ಸಂಜೆ ಅದನ್ನೇರಿ ಮನೆಗೆ ಬರುತ್ತಿದ್ದ. 1893ರಿಂದ ಆ ಸೈಕಲ್ಲಿಗೂ ಸರ್ಕಾರ ತೆರಿಗೆ ಹಾಕಿತ್ತು. ನಮ್ಮ ಪುರಸಭೆಗಳು ಒಂದು ಕಾಲದಲ್ಲಿ ಸೈಕಲ್ಲಿಗೆ ಬಿಲ್ಲೆ ಕಟ್ಟಿಸುತ್ತಿದ್ದುದನ್ನು ಹಿರಿಯರು ಬಲ್ಲರು. ಅವನಲ್ಲಿ ಸೈಕಲ್ಲಿತ್ತು, ನದಿ ಹತ್ತಿರದಲ್ಲೇ ಇತ್ತು, ಇಲ್ಲದಿದ್ದುದು ರಜೆ. ನಾಲ್ಕು ದಿನ ಗೈರುಹಾಜರಾದರೆ ನಾಲ್ಕು ದಿನದ ಕೂಲಿ ಖೋತಾ.

ಆ ರಜೆ ಯಾರ ಔದಾರ್ಯದಿಂದಲೂ ಬರಲಿಲ್ಲ. 1936ರ ಚುನಾವಣೆಯಲ್ಲಿ ಜನತಾ ರಂಗ ಗೆದ್ದಿತು. ಸಮಾಜವಾದಿ ಲಿಯೋನ್ ಬ್ಲೂಮ್ ಜೂನ್ 4ರಂದು ಪ್ರಧಾನಿಯಾಗುವ ಹೊತ್ತಿಗಾಗಲೇ ಕಾರ್ಮಿಕರು ಕಾರ್ಖಾನೆಗಳ ಒಳಗೇ ಕುಳಿತು ಮುಷ್ಕರ ಹೂಡಿದ್ದರು. ವಿಮಾನ ಕಾರ್ಖಾನೆಯಲ್ಲಿ ಹೊತ್ತಿದ ಕಿಡಿ ಬಟ್ಟೆಗಿರಣಿಗೆ, ಗಣಿಗೆ, ಪ್ಯಾರಿಸಿನ ದೊಡ್ಡ ಅಂಗಡಿಗಳ ಮಾರಾಟದ ಹುಡುಗಿಯರವರೆಗೆ ಹಬ್ಬಿತು. ಸುಮಾರು ಇಪ್ಪತ್ತು ಲಕ್ಷ ಜನ ಕೆಲಸ ನಿಲ್ಲಿಸಿದರು. ನಿಂತ ಯಂತ್ರಗಳ ನಡುವೆ ಅಕಾರ್ಡಿಯನ್ ನುಡಿಸಿ ಕುಣಿದರು. ಮಾಲೀಕರು ಮಾತುಕತೆಗೆ ಓಡಿಬಂದರು. ಜೂನ್ 7ರ ರಾತ್ರಿಯ ಮಾತಿನ್ಯೋ ಒಪ್ಪಂದದಲ್ಲಿ ಕೂಲಿ ಶೇಕಡ 7ರಿಂದ 15ರಷ್ಟು ಏರಿತು. ಅದೇ ತಿಂಗಳಲ್ಲಿ ವಾರಕ್ಕೆ 40 ಗಂಟೆಯ ದುಡಿಮೆ, ವರ್ಷಕ್ಕೆ ಎರಡು ವಾರದ ಸಂಬಳಸಹಿತ ರಜೆ ಶಾಸನವಾದವು.

ಆ ಬೇಸಿಗೆಯಲ್ಲಿ ಫ್ರಾನ್ಸಿನ ರಸ್ತೆಗಳು ತುಂಬಿಹೋದವು. ಗಂಡ ಮುಂದೆ, ಹೆಂಡತಿ ಹಿಂದೆ, ಇಬ್ಬರೂ ಒಂದೇ ಸೈಕಲ್ಲನ್ನು ತುಳಿಯುತ್ತಾ ಹಳ್ಳಿಗಾಡಿಗೆ, ನದಿಯ ದಂಡೆಗೆ, ಸಮುದ್ರತೀರಕ್ಕೆ ಹೊರಟರು. ಕ್ರೀಡೆ ಮತ್ತು ವಿರಾಮದ ಹೊಣೆ ಹೊತ್ತಿದ್ದ ತರುಣ ಮಂತ್ರಿ ಲಿಯೋ ಲಗ್ರಾಂಜ್ ರೈಲು ದರದಲ್ಲಿ ಶೇಕಡ 40 ಇಳಿಸಿದ ಟಿಕೀಟು ಕೊಡಿಸಿದರು. ಮೊದಲ ವರ್ಷದಲ್ಲೇ ಸುಮಾರು ಆರು ಲಕ್ಷ ಜನ ಅದನ್ನು ಬಳಸಿದರು. ಬದುಕೆಲ್ಲ ಗಿರಣಿಯ ಹೊಗೆ ಕುಡಿದವರು ಮೊಟ್ಟಮೊದಲು ಸಮುದ್ರ ಕಂಡರು.

ಉಳ್ಳವರು ಏನೆಂದರು? ಲಗ್ರಾಂಜರ ಖಾತೆಗೆ ಅವರ ಪತ್ರಿಕೆಗಳು ಇಟ್ಟ ಹೆಸರು 'ಸೋಮಾರಿತನದ ಮಂತ್ರಾಲಯ'! ಅರಮನೆಯ ಸಂತಾನ ಬೇಟೆಗೆ ಹೋದರೆ ಅದು ಸಂಸ್ಕೃತಿ. ನೂಲುವವನು ನದಿಯಲ್ಲಿ ಕಾಲು ಇಳಿಬಿಟ್ಟು ಕುಳಿತರೆ ಅದು ಸೋಮಾರಿತನ. ಈ ನ್ಯಾಯ ಯಾವ ದೇಶದಲ್ಲಿಲ್ಲ ಹೇಳಿ? 1940ರಲ್ಲಿ ಫ್ರಾನ್ಸ್ ಹಿಟ್ಲರನಿಗೆ ಸೋತಾಗ ಆ ಸೋಲಿನ ಹೊರೆಯನ್ನೂ ಇದೇ ಜನ ಕಾರ್ಮಿಕನ ರಜೆಯ ತಲೆಗೆ ಕಟ್ಟಿದರು. ಅವರು ಸೋಮಾರಿಗಳ ಮಂತ್ರಿ ಎಂದು ಹಳಿದ ಲಗ್ರಾಂಜ್ ಮಾತ್ರ 1940ರ ಜೂನಿನಲ್ಲಿ ಯುದ್ಧರಂಗದಲ್ಲೇ ಮಡಿದರು.

1942ರಲ್ಲಿ ರಿಯೋಂ ಪಟ್ಟಣದಲ್ಲಿ ಬ್ಲೂಮರನ್ನು ಕಟಕಟೆಗೆ ನಿಲ್ಲಿಸಿದಾಗ ಅವರು ತಲೆ ತಗ್ಗಿಸಲಿಲ್ಲ. ಕಚೇರಿಯಿಂದ ಅಪರೂಪಕ್ಕೆ ಹೊರಬಿದ್ದಾಗ ಜೋಡಿ ಸೈಕಲ್ಲುಗಳ ಮೇಲೆ ಕಾರ್ಮಿಕ ದಂಪತಿಗಳು ಒಂದೇ ಬಗೆಯ ಉಣ್ಣೆಯಂಗಿ ತೊಟ್ಟು ಹೋಗುವುದನ್ನು ಕಂಡೆನೆಂದೂ, ಕತ್ತಲ ಬಾಳಿಗೆ ಕೊಂಚ ಬೆಳಕು ತಂದೆನೆಂದು ತಮಗೆ ಅನಿಸಿತೆಂದೂ ಹೇಳಿದರು. ವಿಚಾರಣೆ ಆಳುವವರಿಗೇ ಮುಜುಗರವಾಗಿ ಏಪ್ರಿಲಿನಲ್ಲಿ ನಿಂತಿತು. ಕಾರ್ಮಿಕನ ರಜೆ ಉಳಿಯಿತು. 1956ರಲ್ಲಿ ಮೂರು ವಾರ, 1969ರಲ್ಲಿ ನಾಲ್ಕು, 1982ರಲ್ಲಿ ಐದು ವಾರವಾಯಿತು.

ಅಂಗಡಿಯ ಸೋದರರಿಗೂ ಒಂದು ಮಾತು. ಕೆಲಸದವನಿಗೆ ಸಂಬಳ ಕೊಟ್ಟು ರಜೆ ಕೊಟ್ಟರೆ ವ್ಯಾಪಾರ ಮುಳುಗುತ್ತದೆಂದು ನಿಮ್ಮನ್ನು ಹೆದರಿಸುವವರಿದ್ದಾರೆ. ಆ ಕಣಿವೆಗಳನ್ನೇ ನೋಡಿ. ಕಾರಿನವನು ಊರನ್ನು ದಾಟಿಹೋಗುತ್ತಾನೆ, ಸೈಕಲ್ಲಿನವನು ಊರಿನಲ್ಲಿ ಇಳಿಯುತ್ತಾನೆ. ಅವನಿಗೆ ಹಸಿವು ಹೆಚ್ಚು, ಚೀಲ ಚಿಕ್ಕದು. ಬೆಳಗ್ಗೆ ರೊಟ್ಟಿಯಂಗಡಿ, ಮಧ್ಯಾಹ್ನ ಗಿಣ್ಣು ಹಣ್ಣಿನ ಅಂಗಡಿ, ಚಕ್ರ ಪಂಕ್ಚರಾದರೆ ರಿಪೇರಿಯವನು, ರಾತ್ರಿ ಚಿಕ್ಕ ತಂಗುಮನೆ. ಗಿರಾಕಿಯ ಕೈಯಲ್ಲಿ ಬಿಡುವೂ ಕಾಸೂ ಇದ್ದರೆ ತಾನೆ ನಿಮ್ಮ ತಕ್ಕಡಿ ಆಡುವುದು?

ಫ್ರಾನ್ಸ್ ಸ್ವರ್ಗವಾಯಿತೆಂದು ನಾವು ಹೇಳುತ್ತಿಲ್ಲ. ರಜೆಯಿದ್ದೂ ಹಣವಿಲ್ಲದೆ ಮನೆಯಲ್ಲೇ ಉಳಿಯುವ ಸಂಸಾರಗಳು ಅಲ್ಲಿ ಇಂದಿಗೂ ಇವೆ. ಪ್ಯಾರಿಸಿನ ಬೀದಿಗಳಲ್ಲಿ ಬೆನ್ನಿಗೆ ಊಟದ ಡಬ್ಬ ಕಟ್ಟಿಕೊಂಡು ಸೈಕಲ್ ತುಳಿಯುವ ಹುಡುಗರನ್ನು 'ನೀವು ನೌಕರರಲ್ಲ, ಸ್ವತಂತ್ರ ಉದ್ಯಮಿಗಳು' ಎಂದು ಕಂಪನಿಗಳು ಕರೆದವು. ಉದ್ಯಮಿಗೆ ಸಂಬಳದ ರಜೆ ಎಲ್ಲಿಯದು? 2018ರ ನವೆಂಬರಿನಲ್ಲಿ ಆ ದೇಶದ ಅತ್ಯುನ್ನತ ನ್ಯಾಯಾಲಯ ಅಂಥ ಒಂದು ಪ್ರಕರಣದಲ್ಲಿ, ಹುಡುಗನ ಓಡಾಟವನ್ನೆಲ್ಲ ಕಂಪನಿ ಕಾಯುತ್ತಿತ್ತು, ತಪ್ಪಿದರೆ ದಂಡಿಸುತ್ತಿತ್ತು, ಆದ್ದರಿಂದ ಅವನನ್ನು ಸ್ವತಂತ್ರ ಉದ್ಯಮಿ ಎನ್ನಲಾಗದು ಎಂದಿತು. ಒಂದೇ ಸೈಕಲ್ಲು: ನದಿಯ ದಂಡೆಯಲ್ಲಿ ವಿಹಾರ, ಊರೊಳಗೆ ಜೀತ. ವ್ಯತ್ಯಾಸ ಸೈಕಲ್ಲಿನಲ್ಲಿಲ್ಲ, ತುಳಿಯುವವನ ಹಕ್ಕಿನಲ್ಲಿದೆ.

ನಮ್ಮಲ್ಲಿ 1948ರ ಕಾರ್ಖಾನೆ ಕಾಯ್ದೆ, ವರ್ಷದಲ್ಲಿ 240 ದಿನ ದುಡಿದವನಿಗೆ ಇಪ್ಪತ್ತು ದಿನಕ್ಕೊಂದರಂತೆ ಸಂಬಳದ ರಜೆ ಬರೆದಿತು. ಆದರೆ ದೇವರು ಕೊಟ್ಟರೂ ಪೂಜಾರಿ ಕೊಡ ಎಂಬಂತೆ, ಬದಲಿ ಆಳು, ಗುತ್ತಿಗೆ ಆಳು ಎಂದು 240 ದಿನ ತುಂಬದಂತೆ ನೋಡಿಕೊಳ್ಳುವ ಜಾಣತನವೂ ಬೆಳೆಯಿತು. ಆದ್ದರಿಂದ ಗಿರಣಿಯ ಸೋದರರೇ, ಹಾಜರಿ ಪುಸ್ತಕದಲ್ಲಿ ನಿಮ್ಮ ದಿನಗಳನ್ನು ನೀವೇ ಎಣಿಸಿರಿ. ಸಂದ ರಜೆಯನ್ನು ಸಾಲಗಾರನ ಕಾಟಕ್ಕೆ ಹೆದರಿ ಕಾಸಿಗೆ ಮಾರಿಕೊಳ್ಳಬೇಡಿರಿ. ಲುವಾರ್ ನದಿಯ ದಂಡೆಗೆ ಹೋಗಲಾರದವನಿಗೆ ಅವನೂರಿನ ಹೊಳೆಯ ದಂಡೆ ಇದ್ದೇ ಇದೆ. ಸಂಬಳ ಮುರಿಯದೆ ಹೆಂಡತಿ ಮಕ್ಕಳೊಡನೆ ಅಲ್ಲಿ ಒಂದು ದಿನ ಕೂರುವ ಹಕ್ಕು ಯಾವ ದೊರೆಯ ಅರಮನೆಗಿಂತಲೂ ದೊಡ್ಡದು. ಅದನ್ನು ಕೇಳಿ ಪಡೆಯಿರಿ, ಪಡೆದುದನ್ನು ಬಿಡಬೇಡಿರಿ.