ತೊಟ್ಟಿಲ ಬಳಿಯ ಸೂಜಿ

ತೊಟ್ಟಿಲು ಕಟ್ಟಿದ ಮನೆಯಲ್ಲಿ ಸೂಜಿ ಕತ್ತರಿಗಳಿಗೆ ಸ್ಥಳವುಂಟೆ? ಕಳೆದ ವರ್ಷ ನಮ್ಮ ಕುಟುಂಬದಲ್ಲಿ ಈ ಪ್ರಶ್ನೆ ಒಂದು ಸಣ್ಣ ಕಲಹಕ್ಕೇ ಕಾರಣವಾಯಿತು. ನನ್ನ ತಂಗಿಯ ಮಗಳು ಗಂಡನೊಡನೆ ಸ್ಕಾಟ್ಲೆಂಡಿನಲ್ಲಿ ವಾಸವಾಗಿದ್ದಾಳೆ. ಹಿಂದಿನ ಶತಮಾನಗಳ ಐರೋಪ್ಯ ಉಡುಪುಗಳನ್ನು ಆಯಾ ಕಾಲದ ಕ್ರಮದಲ್ಲಿಯೇ ಕೈಯಿಂದ ಹೊಲಿದು, ಹೆಣೆದು, ಪುನಃ ನಿರ್ಮಿಸುವುದು ಅವಳು ಬಹುಕಾಲದಿಂದ ನಡೆಸಿಕೊಂಡು ಬಂದ ವ್ಯಾಸಂಗ. ಚೊಚ್ಚಲ ಹೆರಿಗೆಯಾದಾಗ ತಂಗಿ ಬಾಣಂತನಕ್ಕೆಂದು ಅಷ್ಟು ದೂರ ಹೋದಳು. ಹೋದ ದಿನವೇ ಮಗಳ ಹೊಲಿಗೆಯ ಬುಟ್ಟಿಯನ್ನು ಕಪಾಟಿನ ಮೇಲಕ್ಕೆ ಏರಿಸಿಬಿಟ್ಟಳು. ಬಾಣಂತಿ ಸೂಜಿಗೆ ದಾರ ಪೋಣಿಸಿದರೆ ಕಣ್ಣು ಮಂಜಾಗುವುದೆಂಬುದು ನಮ್ಮ ಹಿರಿಯರ ಮಾತಷ್ಟೆ.

ಇಬ್ಬರೂ ದೂರವಾಣಿಯಲ್ಲಿ ನನ್ನೊಡನೆ ದೂರಿದರು. "ಅಕ್ಕ, ನೀನಾದರೂ ಬುದ್ಧಿ ಹೇಳು. ಮಗು ಹುಟ್ಟಿ ಹದಿನೈದು ದಿನವಾಗಿಲ್ಲ, ಇವಳಿಗೆ ಮುನ್ನೂರು ವರ್ಷದ ಹಿಂದಿನವರ ಕಾಲುಚೀಲದ ಚಿಂತೆ" ಎಂದಳು ತಂಗಿ. "ದೊಡ್ಡಮ್ಮ, ಎಷ್ಟೋ ವರ್ಷ ಕಷ್ಟಪಟ್ಟು ಕಲಿತದ್ದು ಇದು. ಈಗ ಕೈಬಿಟ್ಟರೆ ಮತ್ತೆ ಯಾವಾಗ?" ಎಂದಳು ಮಗಳು, ಅವಳ ದನಿ ನಡುಗುತ್ತಿತ್ತು. ನಾನು ಬಹುಕಾಲ ವಿಜ್ಞಾನವನ್ನು ಬೋಧಿಸಿ ನಿವೃತ್ತಳಾದವಳು. ತೀರ್ಪು ಹೇಳುವುದಕ್ಕೆ ಮೊದಲು ಸ್ವಲ್ಪ ಯೋಚಿಸಿದೆ. ತಾಯಿಯಾದವಳು ಕೈಕೆಲಸ ಮಾಡಬಹುದೆ, ಬಾರದೆ ಎಂದು ಕೇಳಿದರೆ ಉತ್ತರ ಸಿಕ್ಕುವುದಿಲ್ಲ. ಕೈಕೆಲಸದಲ್ಲಿ ಯಾವ ಭಾಗ ಮಗುವಿನೊಡನೆ ಸಾಗುತ್ತದೆ, ಯಾವುದು ಸಾಗುವುದಿಲ್ಲ, ಅದಕ್ಕೆ ಕಾರಣವೇನು ಎಂದು ಕೇಳಬೇಕು. ಹಾಗೆ ಕೇಳಿದಾಗ ವಿಷಯ ವಿಜ್ಞಾನದ ವಿದ್ಯಾರ್ಥಿಗಳಿಗೂ ಸಂಬಂಧಪಟ್ಟದ್ದಾಗುತ್ತದೆ.

ಕಣ್ಣಿನ ಮಾತನ್ನು ಮೊದಲು ಮುಗಿಸಿಬಿಡೋಣ. ಹತ್ತಿರದ ಕೆಲಸದಿಂದ ಬೆಳೆದವರ ದೃಷ್ಟಿ ನಾಶವಾಗುವುದಿಲ್ಲ; ಮಸೂರವನ್ನು ಸಮೀಪದ ವಸ್ತುವಿಗೆ ಹೊಂದಿಸುವ ಸ್ನಾಯು ದಣಿಯುತ್ತದೆ, ಅಷ್ಟೆ. ಗರ್ಭಿಣಿಯರಲ್ಲಿ ದೇಹದ ದ್ರವಗಳ ವ್ಯತ್ಯಾಸದಿಂದ ಕಣ್ಣಿನ ಮುಂಭಾಗದ ಪಾರದರ್ಶಕ ಪಟಲ ತುಸು ಬದಲಾಗಿ, ನೋಟ ಕೆಲವು ಕಾಲ ಮಸುಕಾಗುವುದುಂಟು. ಹೆರಿಗೆಯ ತರುವಾಯ ಅದು ತಾನಾಗಿ ಸರಿಹೋಗುತ್ತದೆ. ಹಿರಿಯರ ಮಾತಿಗೆ ಇದೇ ಮೂಲವಾಗಿದ್ದರೂ ಇರಬಹುದು. ಆದರೆ ಬಾಣಂತಿಗೆ ಹಠಾತ್ತಾಗಿ ತಲೆನೋವಿನೊಡನೆ ಕಣ್ಣು ಮಂಜಾದರೆ ಅದು ರಕ್ತದ ಒತ್ತಡ ಏರಿದುದರ ಚಿಹ್ನೆಯಾಗಿರಬಹುದು. ಆಗ ಸೂಜಿಯನ್ನು ದೂರುತ್ತ ಕೂರದೆ ವೈದ್ಯರ ಬಳಿಗೆ ಓಡಬೇಕು.

1970ರಲ್ಲಿ ಜೂಡಿತ್ ಬ್ರೌನ್ ಎಂಬ ಮಾನವಶಾಸ್ತ್ರಜ್ಞೆ ಒಂದು ಚಿಕ್ಕ ಪ್ರಬಂಧವನ್ನು ಪ್ರಕಟಿಸಿದರು. ಬೇರೆಬೇರೆ ಸಮಾಜಗಳಲ್ಲಿ ಕೆಲವು ಕೆಲಸಗಳು ಹೆಚ್ಚಾಗಿ ಹೆಂಗಸರ ಪಾಲಿಗೆ ಬಂದುದೇಕೆ ಎಂಬುದು ಅವರ ಪ್ರಶ್ನೆ. ಮೊಲೆಯುಣ್ಣುವ ಕೂಸು ಬಳಿಯಲ್ಲಿರುವಾಗ ಮಾಡಬಹುದಾದ ಕೆಲಸಕ್ಕೆ ಕೆಲವು ಗುಣಗಳಿರಬೇಕೆಂದು ಅವರು ವಾದಿಸಿದರು. ಅದಕ್ಕೆ ತದೇಕಚಿತ್ತ ಬೇಕಾಗಬಾರದು; ನಡುವೆ ನಿಲ್ಲಿಸಿ ಮತ್ತೆ ಸುಲಭವಾಗಿ ತೊಡಗುವಂತಿರಬೇಕು; ಮಗುವಿಗೆ ಅಪಾಯವಾಗಬಾರದು; ಮನೆಯಿಂದ ಬಹುದೂರ ಅಲೆಯುವಂತೆಯೂ ಇರಬಾರದು. ನೂಲುವುದು, ಹೆಣೆಯುವುದು, ಹೊಲಿಯುವುದು ಈ ಗುಣಗಳಿಗೆ ಬಹುಮಟ್ಟಿಗೆ ಒಪ್ಪುತ್ತವೆ. ಇದು ಹೇಗಿತ್ತು ಎಂಬುದರ ವಿವರಣೆಯೇ ಹೊರತು ಹೇಗಿರಬೇಕೆಂಬ ವಿಧಿಯಲ್ಲ. ನಮ್ಮ ಕೈಮಗ್ಗದ ಊರುಗಳಲ್ಲಿ ಗುಂಡಿಯೊಳಗೆ ಕಾಲಿಳಿಬಿಟ್ಟು ನೇಯುವ ಗಂಡಸರನ್ನು ಎಷ್ಟು ಜನ ಕಂಡಿಲ್ಲ! ಮಗುವಿನೊಡನೆ ಸಾಗುತ್ತದೆ ಎಂಬ ಒಂದೇ ಕಾರಣಕ್ಕೆ ಒಂದು ವಿದ್ಯೆಯನ್ನು ಅಗ್ಗವೆಂದು ಬಗೆಯುವವರೂ ಇದ್ದಾರೆ. ಅವರೊಡನೆ ನನಗೆ ಜಗಳವುಂಟು.

ಹೆಣಿಗೆಯ ರಚನೆಯನ್ನೇ ನೋಡಿ. ನೇಯ್ದ ಬಟ್ಟೆಯಲ್ಲಿ ಹಾಸು ಹೊಕ್ಕುಗಳೆಂಬ ಎರಡು ಬಗೆಯ ಎಳೆಗಳು ಒಂದನ್ನೊಂದು ಅಡ್ಡಲಾಗಿ ದಾಟುತ್ತವೆ. ಹೆಣಿಗೆಯಲ್ಲಾದರೋ ಸಾಮಾನ್ಯವಾಗಿ ಇರುವುದು ಒಂದೇ ಎಳೆ. ಅದು ಕುಣಿಕೆಯಾಗಿ ಬಾಗಿ, ಕೆಳಗಿನ ಸಾಲಿನ ಕುಣಿಕೆಯೊಳಗಿಂದ ಹೊರಬಂದು, ಮೇಲಿನ ಸಾಲಿನ ಕುಣಿಕೆಗೆ ತಾನೇ ದಾರಿಯಾಗುತ್ತದೆ. ಬಟ್ಟೆಯನ್ನು ಎಳೆದಾಗ ನೂಲು ಹಿಗ್ಗುವುದಕ್ಕಿಂತ ಹೆಚ್ಚಾಗಿ ಕುಣಿಕೆಯ ಆಕಾರ ಬದಲಾಗುತ್ತದೆ. ಬಿಟ್ಟಾಗ ಬಹುಪಾಲು ಹಿಂದಿನ ಆಕಾರಕ್ಕೆ ಬರುತ್ತದೆ. ದಿನದಿನಕ್ಕೆ ಬೆಳೆಯುವ ಪಾದಕ್ಕೆ ಹೆಣೆದ ಚೀಲ ಒಗ್ಗುವುದು ಇದರಿಂದಲೇ. ಕೆಲಸವನ್ನು ಯಾವ ಕ್ಷಣದಲ್ಲಿ ನಿಲ್ಲಿಸಿದರೂ ಬಿಡಿಯಾಗಿರುವುದು ಕಡ್ಡಿಯ ಮೇಲಿನ ಕುಣಿಕೆಗಳು ಮಾತ್ರ; ಅವುಗಳ ಕೆಳಗಿನದೆಲ್ಲ ಭದ್ರ. ಎಲ್ಲಿಗೆ ನಿಲ್ಲಿಸಿದೆನೆಂದು ತಾಯಿ ನೆನಪಿಡಬೇಕಾಗಿಲ್ಲ, ಬಟ್ಟೆಯೇ ಅದನ್ನು ನೆನಪಿಟ್ಟುಕೊಂಡಿರುತ್ತದೆ. ತಪ್ಪಾಯಿತೆಂದು ತಿಳಿದರೆ ನೂಲನ್ನು ಎಳೆದು ಉಂಡೆ ಸುತ್ತಿ, ಮೊದಲಿನಿಂದ ಆರಂಭಿಸಬಹುದು. ಭೌತವಿಜ್ಞಾನದಲ್ಲಿ ಹಿಂತಿರುಗಿಸಬಲ್ಲ ಕ್ರಿಯೆ, ಹಿಂತಿರುಗಿಸಲಾಗದ ಕ್ರಿಯೆ ಎಂದು ನೀವು ಓದುವಿರಲ್ಲ. ಆ ಮಾತನ್ನು ಸ್ವಲ್ಪ ಸಡಿಲವಾಗಿ ಬಳಸಿದರೆ, ಹೆಣಿಗೆ ಮೊದಲನೆಯ ಜಾತಿಯದು.

ಈ ಗುಣದ ಬೆಲೆ ಹೊಸ ತಾಯಿಗೆ ಗೊತ್ತು. ಎಳೆಗೂಸು ದಿನಕ್ಕೆ 14ರಿಂದ 17 ಗಂಟೆ ನಿದ್ರಿಸುವುದಾದರೂ ಆ ನಿದ್ರೆ ತುಂಡುತುಂಡಾಗಿರುತ್ತದೆ. ಹಗಲಿರುಳು ಸೇರಿ 8ರಿಂದ 12 ಸಲ ಹಾಲೂಡಿಸಬೇಕು. ತಾಯಿಯ ನಿದ್ರೆಯೂ ಹಾಗೆಯೇ ಹರಿದುಹೋಗುತ್ತದೆ; ನಿದ್ರೆಗೆಟ್ಟ ಮೆದುಳಿನಲ್ಲಿ ಮೊದಲು ಸೋಲುವುದು ಅವಧಾನ ಮತ್ತು ತತ್ಕಾಲದ ನೆನಪು. ಆದ್ದರಿಂದ ಪ್ರತಿ ಸಾಲಿಗೂ ಲೆಕ್ಕ ಬದಲಾಗುವ ಜಾಲರಿಯ ಹೆಣಿಗೆ ಈ ಕಾಲಕ್ಕೆ ತಕ್ಕದ್ದಲ್ಲ. ಸರಳವಾದ ಕಾಲುಚೀಲ ಸಾಧ್ಯ. ಸಾಧಾರಣ ವೇಗದಲ್ಲಿ ನಿಮಿಷಕ್ಕೆ 25 ಕುಣಿಕೆ ಎಂದು ಹಿಡಿಯಿರಿ. ಹತ್ತು ನಿಮಿಷಕ್ಕೆ 250. ಸುತ್ತಿಗೆ 50 ಕುಣಿಕೆಯಾದರೆ ಐದು ಸುತ್ತು. ಅಂಗುಲಕ್ಕೆ ಹತ್ತು ಸುತ್ತಿನ ನಯವಾದ ಹೆಣಿಗೆಯಲ್ಲಿ ಅದು ಅರ್ಧ ಅಂಗುಲ. ಸಣ್ಣದೆನ್ನಬೇಡಿ. ಮಗುವಿನ ಬಟ್ಟೆ ದಿನಕ್ಕೆ ಹತ್ತು ಸಲ ಬದಲಾಗಿ, ಮಾಡಿದ ಕೆಲಸವೆಲ್ಲ ಸಂಜೆಗೆ ಮಾಯವಾಗಿ ಹೋಗುವ ಆ ದಿನಗಳಲ್ಲಿ, ನಾಳೆಯೂ ಉಳಿದಿರುವ ಅರ್ಧ ಅಂಗುಲ ಅದು.

ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್ಲೆಂಡ್ ದ್ವೀಪಗಳಲ್ಲಿ ಹೆಂಗಸರು ಬೆನ್ನ ಮೇಲೆ ಉರುವಲಿನ ಬುಟ್ಟಿಯನ್ನು ಹೊತ್ತು ನಡೆಯುತ್ತಲೇ ಹೆಣೆಯುತ್ತಿದ್ದರು. ಸೊಂಟದ ಪಟ್ಟಿಯಲ್ಲಿ ರಂಧ್ರಗಳುಳ್ಳ ತೊಗಲಿನ ಮೆತ್ತೆಯೊಂದಿರುತ್ತದೆ. ಕಡ್ಡಿಯ ತುದಿಯನ್ನು ಅದರಲ್ಲಿ ನಾಟಿದರೆ ಕಡ್ಡಿಯ ಭಾರವನ್ನು ಪಟ್ಟಿಯೇ ಹೊರುವುದರಿಂದ ಕೈ ಹಗುರವಾಗುತ್ತದೆ. ಆ ದ್ವೀಪಗಳ ಗನ್ನಿಸ್ಟರ್ ಎಂಬಲ್ಲಿ 1951ರಲ್ಲಿ ಜೌಗುನೆಲದ ಉರುವಲನ್ನು ಅಗೆಯುತ್ತಿದ್ದಾಗ ಒಬ್ಬ ಮನುಷ್ಯನ ಉಣ್ಣೆಯ ಉಡುಪುಗಳು ದೊರೆತುವು. ದೇಹ ಬಹುಮಟ್ಟಿಗೆ ಕರಗಿಹೋಗಿದ್ದರೂ ಕಾಲುಚೀಲ, ಕೈಚೀಲ, ಟೊಪ್ಪಿಗೆ, ಹೆಣೆದ ಹಣದ ಚೀಲ ಉಳಿದಿದ್ದುವು. ಚೀಲದೊಳಗಿನ ನಾಣ್ಯಗಳಿಂದ ಅವನು 17ನೆಯ ಶತಮಾನದ ಕೊನೆಯ ಹೊತ್ತಿನವನೆಂದು ತಿಳಿಯುತ್ತದೆ. ನನ್ನ ತಂಗಿ ಹಳಿದ "ಮುನ್ನೂರು ವರ್ಷದ ಹಿಂದಿನ ಕಾಲುಚೀಲ" ಇದೇ. ಮಗಳು ಅದರ ಪ್ರತಿಯನ್ನು ಹೆಣೆಯುತ್ತಿದ್ದಳು.

ಹೊಲಿಗೆಯ ವಿಷಯ ಅಷ್ಟು ಸರಳವಲ್ಲ. ಕೈಹೊಲಿಗೆಯ ಉದ್ದನೆಯ ಅಂಚುಗಳು ಹೆಣಿಗೆಯಂತೆಯೇ ತುಂಡು ಕಾಲಕ್ಕೆ ಒಗ್ಗುತ್ತವೆ. ಆದರೆ ಬಟ್ಟೆಯನ್ನು ಕತ್ತರಿಸುವುದು ಹಿಂತಿರುಗಿಸಲಾಗದ ಕ್ರಿಯೆ. ಕತ್ತರಿ ಅರ್ಧ ಓಡಿದಾಗ ಮಗು ಅತ್ತರೆ, ಅತ್ತುದು ಮಗು ಮಾತ್ರವಾಗಿ ಉಳಿಯುವುದಿಲ್ಲ. ಅಲ್ಲದೆ ಅಳತೆಯೇ ಸ್ಥಿರವಾಗಿಲ್ಲ. ಗರ್ಭಕೋಶ ತನ್ನ ಹಿಂದಿನ ಗಾತ್ರಕ್ಕೆ ಮರಳಲು ಸುಮಾರು ಆರು ವಾರ ಬೇಕು. ಹಾಲೂಡಿಸುವ ತಾಯಿಯ ಎದೆಯ ಸುತ್ತಳತೆ ಬೆಳಗಿನಿಂದ ಸಂಜೆಗೇ ಬದಲಾಗುತ್ತದೆ. ಅಳೆಯುವ ವಸ್ತುವೇ ಚಲಿಸುತ್ತಿರುವಾಗ ಅಳತೆಗೆ ಅರ್ಥವೇನು?

18ನೆಯ ಶತಮಾನದ ಆಂಗ್ಲ ಸ್ತ್ರೀಯರ ಉಡುಪು ಇದಕ್ಕೆ ಒಂದು ಉತ್ತರವನ್ನು ಹೊಂದಿದೆ. ಅವರ ಲಂಗ ನಮ್ಮ ಇಂದಿನ ಸಿದ್ಧ ಉಡುಪಿನಂತೆ ಒಂದೇ ಸೊಂಟದಳತೆಗೆ ಕಟ್ಟುಬಿದ್ದುದಲ್ಲ. ನೆಟ್ಟನೆಯ ಪಟ್ಟಿಗಳನ್ನು ನಿರಿಗೆ ಹಿಡಿದು, ಮುಂದಕ್ಕೊಂದು ಹಿಂದಕ್ಕೊಂದು ಲಾಡಿ ಹೊಲಿದು, ಎರಡು ಪಕ್ಕಗಳನ್ನೂ ಸೀಳಾಗಿ ಬಿಡುತ್ತಿದ್ದರು. ಹೊಟ್ಟೆ ಬೆಳೆದಂತೆ ಲಾಡಿ ಸಡಿಲ, ಇಳಿದಂತೆ ಬಿಗಿ. ಮೇಲಂಗಿಯ ಮುಂಭಾಗಕ್ಕೆ ಅನೇಕ ವೇಳೆ ಗುಂಡಿಗಳಿರಲಿಲ್ಲ. ಗುಂಡುಸೂಜಿಗಳಿಂದ ಒಳಗಿನ ಬಿಗಿ ಕುಪ್ಪಸಕ್ಕೆ ಸಿಕ್ಕಿಸುತ್ತಿದ್ದರು. ಹಾಗಾಗಿ ಅಂಗಿಯನ್ನು ದಿನದಿನದ ಮೈಗೆ ಸರಿಯಾಗಿ ಸರಿಹೊಂದಿಸಬಹುದಿತ್ತು. ಮತ್ತೆ ಮತ್ತೆ ಬಸಿರಾಗುತ್ತಿದ್ದ ದೇಹಕ್ಕೆ ಹೊಂದುವ ಉಡುಪು ಅದು. (ನಮ್ಮ ಸೀರೆ ಈ ಸಮಸ್ಯೆಯನ್ನು ಕತ್ತರಿಯೇ ಇಲ್ಲದೆ ಬಿಡಿಸಿರುವುದನ್ನು ಹೇಳದೆ ಹೋದರೆ ನನ್ನ ತಂಗಿ ಕ್ಷಮಿಸಳು.) ಈ ಸಂಗತಿಗಳನ್ನು ನನ್ನ ಮಗಳಂತಿರುವವಳು ಪುಸ್ತಕದಲ್ಲಿ ಮೊದಲೇ ಓದಿದ್ದಳು, ಆದರೆ ತಾನು ಹೊಲಿದ ಲಂಗವನ್ನು ಏಳನೆಯ ತಿಂಗಳಲ್ಲಿ ಉಟ್ಟು, ಹೆರಿಗೆಯ ಮೂರನೆಯ ವಾರದಲ್ಲಿ ಅದನ್ನೇ ಉಟ್ಟಾಗ, ಲಾಡಿಯ ಉದ್ದ ಅಷ್ಟೇಕೆಂಬುದು ಅರ್ಥವಾಯಿತಂತೆ.

ಇಂಥ ತಿಳಿವನ್ನು ಹವ್ಯಾಸವೆಂದು ತಳ್ಳಿಹಾಕುವುದು ಸರಿಯಲ್ಲ. ಆಸ್ಟ್ರಿಯದ ಹಾಲ್‌ಸ್ಟಾಟ್ ಎಂಬಲ್ಲಿನ ಪ್ರಾಚೀನ ಉಪ್ಪಿನ ಗಣಿಯಲ್ಲಿ, ಉಪ್ಪಿನ ದೆಸೆಯಿಂದ ಕೊಳೆಯದೆ ಉಳಿದ ಬಟ್ಟೆಯ ಚೂರುಗಳು ದೊರೆತಿವೆ. ಹಸುರು ಕಂದು ಬಣ್ಣಗಳ ಚೌಕುಳಿಯುಳ್ಳ ಅಂಥದೊಂದು ಚೂರನ್ನು ಎಲಿಜಬೆತ್ ವೇಲ್ಯಾಂಡ್ ಬಾರ್ಬರ್ ಎಂಬ ವಿದ್ವಾಂಸೆ ತಾವೇ ಮಗ್ಗದಲ್ಲಿ ನೇಯ್ದು ನೋಡಿದರು. ಮೂಲದಲ್ಲಿ ಯಾವುದು ಹಾಸು, ಯಾವುದು ಹೊಕ್ಕು ಎಂಬುದರಲ್ಲಿ ತಾವು ತಪ್ಪಿದ್ದುದು ನೇಯ್ಗೆಯಿಂದಲೇ ಅವರಿಗೆ ಹೊಳೆಯಿತು. ಬ್ರೌನರ ವಾದವನ್ನು ಹಿಡಿದು ಹೆಂಗಸರ ನೆಯ್ಗೆಯ ಇತಿಹಾಸವನ್ನು 1994ರಲ್ಲಿ ಗ್ರಂಥರೂಪವಾಗಿ ಬರೆದವರೂ ಅವರೇ. ಕಣ್ಣಿಗೆ ಕಾಣದ್ದನ್ನು ಕೈ ಕಾಣಿಸಿದರೆ ಅದನ್ನು ಪ್ರಯೋಗವೆನ್ನದೆ ಮತ್ತೇನೆನ್ನಬೇಕು? ಪ್ರಯೋಗಶಾಲೆಯಲ್ಲಿ ದುಡಿಯುವವಳು ತಾಯಿಯಾದರೆ ಅವಳ ಕೆಲಸ ಮುಂದುವರಿಯಲೆಂದು ನಾವು ಇಂದು ಒಪ್ಪುತ್ತೇವೆ. ಪ್ರಯೋಗಶಾಲೆ ಮಡಿಲಲ್ಲಿಯೇ ಇದ್ದಾಗ ಮಾತ್ರ "ಈಗೇಕಮ್ಮ ಇದೆಲ್ಲ?" ಎನ್ನುತ್ತೇವೆ.

ಹಾಗೆಂದು ತಂಗಿಯ ಭಯವೆಲ್ಲ ಹುಸಿಯಲ್ಲ. ಮಗು ಮಲಗಿದಾಗ ತಾಯಿಯೂ ಮಲಗಲಿ ಎಂಬುದು ಸರಿಯಾದ ಮಾತು. ರಾತ್ರಿ ಕಡ್ಡಿ ಹಿಡಿಯುವುದನ್ನು ನಾನೂ ಒಪ್ಪುವುದಿಲ್ಲ. ಹೆಣಿಗೆಯಿಂದ ಬಾಣಂತಿಯ ಮನೋವ್ಯಥೆ ವಾಸಿಯಾಗುವುದೆಂದು ಹೇಳುವವರಲ್ಲಿಯೂ ನನಗೆ ನಂಬಿಕೆಯಿಲ್ಲ. ಹೆರಿಗೆಯ ಮೊದಲ ಎರಡು ವಾರ ಕಾರಣವಿಲ್ಲದೆ ಕಣ್ಣೀರು ಬರುವುದು ಬಹಳ ಮಂದಿಗೆ ಉಂಟು. ಅದು ಅನಂತರವೂ ಮುಂದುವರಿದರೆ ಬೇಕಾದುದು ವೈದ್ಯರು. ನಡುಗುತ್ತಿದ್ದ ಆ ದನಿಯನ್ನು ಕೇಳಿದ ನಾನು ಮೊದಲು ವಿಚಾರಿಸಿದ್ದು ಅದನ್ನೇ. ಎರಡು ವಾರ ಕಳೆಯುವಷ್ಟರಲ್ಲಿ ಅವಳು ಚೇತರಿಸಿಕೊಂಡಳು.

ಇನ್ನೊಂದು ಅಪಾಯ ಅನೇಕರಿಗೆ ತಿಳಿಯದು. ಹೆಣೆದ ಕಾಲುಚೀಲದ ಒಳಭಾಗದಲ್ಲಿ ಉಳಿದ ಸಡಿಲ ಎಳೆ ಕೂಸಿನ ಕಾಲ್ಬೆರಳಿಗೆ ಸುತ್ತಿಕೊಂಡು ರಕ್ತದ ಓಟವನ್ನೇ ತಡೆಯಬಹುದು. ತಾಯಿಯ ಉದುರಿದ ಕೂದಲಿನಿಂದಲೂ ಹೀಗಾಗುವುದುಂಟು. ಕಾರಣ ತಿಳಿಯದೆ ಮಗು ಅಳುತ್ತಿದ್ದರೆ ಬೆರಳುಗಳನ್ನು ಬಿಡಿಸಿ ನೋಡಬೇಕು. ಅಜ್ಜಿಯರು ಕುಲಾವಿಯನ್ನು ತೊಡಿಸುವ ಮೊದಲು ಒಳಗೆ ಬೆರಳಾಡಿಸುತ್ತಿದ್ದುದು ಒಳ್ಳೆಯ ಪದ್ಧತಿ. ಮಗು ಬೆಳೆದಂತೆ ಅಪಾಯದ ಸ್ವರೂಪವೂ ಬದಲಾಗುತ್ತದೆ. ಮೊದಲ ತಿಂಗಳುಗಳಲ್ಲಿ ಅದರ ಹಿಡಿತ ಅಂಗೈಯನ್ನು ಮುಟ್ಟಿದ್ದಕ್ಕೆ ತಾನಾಗಿ ಮುಚ್ಚುವ ಪ್ರತಿಕ್ರಿಯೆ ಮಾತ್ರ. ನಾಲ್ಕನೆಯ ತಿಂಗಳ ಸುಮಾರಿಗೆ ಕಂಡುದಕ್ಕೆ ಕೈಚಾಚುತ್ತದೆ, ಹಿಡಿದುದನ್ನು ಬಾಯಿಗಿಡುತ್ತದೆ. ಮಗ್ಗುಲಲ್ಲಿ ನಿಶ್ಚಿಂತೆಯಿಂದ ಇದ್ದ ನೂಲಿನ ಉಂಡೆಗೆ ಅಂದಿನಿಂದ ನೆಮ್ಮದಿಯಿಲ್ಲ. ಎಂಟೊಂಬತ್ತು ತಿಂಗಳಲ್ಲಿ ಅಂಬೆಗಾಲಿಟ್ಟಿತೆಂದರೆ ನೆಲಕ್ಕೆ ಬಿದ್ದ ಗುಂಡುಸೂಜಿಯನ್ನು ಮನೆಯಲ್ಲಿ ಎಲ್ಲರಿಗಿಂತ ಮೊದಲು ಕಾಣುವುದು ಅದೇ.

ಆದುದರಿಂದ ನಾನು ಹೇಳಿದ ತೀರ್ಪು ಇಷ್ಟು: ಹೆಣಿಗೆ ಈಗಲೇ ಕೆಳಗಿಳಿಯಲಿ, ಲಂಗದ ಉದ್ದ ಹೊಲಿಗೆ ಎರಡು ತಿಂಗಳಾದ ಮೇಲೆ, ಅಂಗಿಯ ಮೈಭಾಗದ ಅಳತೆ, ಕತ್ತರಿ, ಗುಂಡುಸೂಜಿ ಇವುಗಳಿಗೆ ಆರು ತಿಂಗಳವರೆಗೆ ರಜೆ. ಆಮೇಲೆ ದಿನಕ್ಕೊಂದು ಗಂಟೆ ಮಗುವನ್ನು ತಂದೆ ಹೊರಗೆ ಕರೆದೊಯ್ಯಬೇಕು. ತುಂಡು ಕಾಲವನ್ನು ತಾಯಿ ಹೇಗೋ ಹೊಂದಿಸಿಕೊಳ್ಳುತ್ತಾಳೆ. ತುಂಡಾಗದ ಗಂಟೆಯನ್ನು ಬೇರೊಬ್ಬರು ಕೊಟ್ಟಲ್ಲದೆ ಅವಳಿಗೆ ದೊರೆಯುವುದಿಲ್ಲ. ಅಳಿಯ ಇಂಜಿನಿಯರು, ಅವನಿಗೆ ಈ ವಾದ ಒಡನೆಯೇ ತಿಳಿಯಿತು. ತಂಗಿಗೆ ಪೂರ್ತಿ ಸಮ್ಮತವಾಗಲಿಲ್ಲ. ಆದರೂ ಬುಟ್ಟಿಯನ್ನು ಕೆಳಗಿಳಿಸಿದಳು, ಕತ್ತರಿಯನ್ನು ಮಾತ್ರ ತನ್ನ ಪೆಟ್ಟಿಗೆಯಲ್ಲಿಟ್ಟುಕೊಂಡಳು.

ಕಾಲುಚೀಲದ ಜೋಡಿ ಐದನೆಯ ತಿಂಗಳಲ್ಲಿ ಮುಗಿಯಿತು. ಅಂಗಿಗೆ ಈಗ ಎಡತೋಳು ಮಾತ್ರ ಸೇರಿದೆ. ಸಂಜೆ ನಾಲ್ಕರಿಂದ ಐದರವರೆಗೆ ಕೆಲಸ. ಮುಗಿದಾಗ 24 ಗುಂಡುಸೂಜಿಗಳನ್ನು ಎಣಿಸಿ ಡಬ್ಬಿಗೆ ಹಾಕುತ್ತಾಳಂತೆ. ಬಲತೋಳು ಬುಟ್ಟಿಯಲ್ಲಿದೆ, ಬುಟ್ಟಿ ಮತ್ತೆ ಕಪಾಟಿನ ಮೇಲಿದೆ. ಈ ಸಲ ಅದನ್ನು ಅಲ್ಲಿಗೆ ಏರಿಸಿದವಳು ಮಗಳೇ, ಮಗು ಅಂಬೆಗಾಲಿಡುತ್ತಿದೆ.