ಕುಡದ ಬಾಯಿಗೂ ಹದ ಬೇಕು

ಬೀಜ, ಗೊಬ್ಬರ, ಔಷಧಿಗಳ ಬಗ್ಗೆ ಬರೆಯುವವರು ಬಹಳ ಮಂದಿ. ಕುಂಟೆಯ ಕುಡದ ಬಗ್ಗೆ ಬರೆದವರನ್ನು ನಾನು ಕಂಡಿಲ್ಲ. ನಮ್ಮಂಥ ಮಳೆ ನಂಬಿದವರಿಗೆ ಹೊಲದ ಹದ ಅನ್ನೋದು ಎರಡು-ಮೂರು ದಿನದ ಮಾತು. ಆಗ ಕುಡದ ಬಾಯಿ ಸವೆದಿದ್ದರೆ ಕಳೆ ಕೊಯ್ಯೋದಿಲ್ಲ, ಮೇಲೆ ಜಾರಿ ಹೋಗತದ. ಎತ್ತು ದಣೀತಾವ, ಟ್ರ್ಯಾಕ್ಟರ್ ಇದ್ದರೆ ಡೀಸೆಲ್ ಹೆಚ್ಚು ಬೇಕು. ಹದ ಹೋದ ಮೇಲೆ ಕುಡ ತಟ್ಟಿಸಿ ಏನು ಪ್ರಯೋಜನ?

ಮೊದಲು ಊರಾಗ ಕಂಬಾರ ಇದ್ದ. ವರ್ಷಕ್ಕೊಮ್ಮೆ ರಾಶಿಯಲ್ಲಿ ಆಯ ಕೊಟ್ಟರೆ ಕೆಲಸ ನಡೀತಿತ್ತು. ಆಯ ನಿಂತಿತು, ಕುಲುಮೆ ಆರಿತು. ಈಗ ನಾವು ಹುಬ್ಬಳ್ಳಿಗೆ ಹೋಗಿ ಸಿದ್ಧ ಕುಡ ತರತೇವಿ. ಬಣ್ಣ ಚಂದ ಇರತದ. ಯಾವ ಉಕ್ಕು, ಬಾಯಿಗೆ ಹದ ಹಾಕ್ಯಾರೋ ಇಲ್ಲೋ ಅಂತ ಕೇಳಿದರೆ ‘ಕಂಪನಿ ಮಾಲು’ ಅನ್ನೋ ಒಂದೇ ಉತ್ತರ. ಹಾಗೆ ತಂದ ಒಂದು ಜೊತೆ ನಮ್ಮ ಮಸಾರಿ ಹೊಲದಲ್ಲಿ ಒಂದು ಹಂಗಾಮೂ ಬಾಳಲಿಲ್ಲ.

ಸವೆತಕ್ಕೆ ಕಾರಣ ಮರಳು. ಮರಳಿನ ಕಣ ಸಾದಾ ಕಬ್ಬಿಣಕ್ಕಿಂತ ಬಹಳ ಗಟ್ಟಿ. ಅದಕ್ಕೇ ಎರಿಗಿಂತ ಮಸಾರಿಯಲ್ಲಿ ಕುಡ ಬೇಗ ಸವೀತದ. ಹಾಗಂತ ಇಡೀ ಕುಡವನ್ನೇ ಗಾಜಿನಂತೆ ಗಟ್ಟಿ ಮಾಡಿದರೆ ಕಲ್ಲಿಗೆ ತಾಗಿದಾಗ ಮುರೀತದ. ಮೈ ಬಳುಕಬೇಕು, ಬಾಯಿ ಗಟ್ಟಿ ಇರಬೇಕು. ಇದಕ್ಕೆ ಮೂರು ದಾರಿ ಇವೆ.

ಒಂದು, ಕಂಬಾರರ ಹಳೆಯ ವಿದ್ಯೆ. ಬಾಯಿಯನ್ನು ಕೆಂಪಗೆ ಕಾಯಿಸಿ ಅದ್ದುವುದು, ಆಮೇಲೆ ಅದರ ಪೆಡಸು ಹೋಗುವಷ್ಟು ಸ್ವಲ್ಪ ಕಾಯಿಸುವುದು. ಆದರೆ ಸಾದಾ ಸರಳಿನ ಕಬ್ಬಿಣದಲ್ಲಿ ಇಂಗಾಲ ಕಡಿಮೆ, ಎಷ್ಟು ಅದ್ದಿದರೂ ಅದು ಗಟ್ಟಿ ಆಗೋದಿಲ್ಲ. ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯಲ್ಲಿ ನೂರಕ್ಕೆ ಅರ್ಧದಷ್ಟು ಇಂಗಾಲ ಇರುತ್ತದೆ, ಅದು ಹದ ಹಿಡಿಯುತ್ತದೆ. ಅದನ್ನು ನೀರಿನಲ್ಲಿ ಅದ್ದಿದರೆ ಸೀಳುವ ಭಯ, ಎಣ್ಣೆ ಒಳ್ಳೆಯದು.

ಎರಡು, ಸಾದಾ ಕಬ್ಬಿಣಕ್ಕೇ ಇಂಗಾಲ ಉಣಿಸುವುದು. ಇದ್ದಲು ಪುಡಿ ತುಂಬಿದ ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು 900 ಡಿಗ್ರಿಗಿಂತ ಮೇಲೆ ಹಲವು ತಾಸು ಕಾಯಿಸಿದರೆ ಹೊರ ಪದರಕ್ಕೆ ಇಂಗಾಲ ಇಳಿಯುತ್ತದೆ. ಆಮೇಲೆ ಅದ್ದಿದರೆ ಸುಮಾರು ಒಂದು ಮಿಲಿಮೀಟರ್ ಸಿಪ್ಪೆ ಗಟ್ಟಿ, ಒಳಗು ಮೆತ್ತಗೆ. ಇದು ಕಾರ್ಖಾನೆಯವರ ಕೆಲಸ.

ಮೂರು, ಕ್ರೋಮಿಯಂ ಇರುವ ಗಟ್ಟಿ ವೆಲ್ಡಿಂಗ್ ಕಡ್ಡಿಯಿಂದ ಬಾಯಿಗೆ ತೆಳು ಪದರ ಕೂಡಿಸುವುದು. ಈ ಪದರದಲ್ಲಿರುವ ಕಣಗಳು ಮರಳಿಗಿಂತಲೂ ಗಟ್ಟಿ. ಸಣ್ಣ ರೈತರಿಗೆ ಇದೇ ಕೈಗೆಟುಕುವ ದಾರಿ ಅಂತ ನನ್ನ ಅಭಿಪ್ರಾಯ, ವೆಲ್ಡಿಂಗ್ ಅಂಗಡಿ ಈಗ ಎಲ್ಲಾ ಕಡೆ ಅದಾವ. ಪದರ ಒಂದೇ ಮಗ್ಗಲಿಗೆ ಇರಲಿ. ಇಲಿಯ ಹಲ್ಲು ನೋಡ್ರಿ, ಗಟ್ಟಿ ಲೇಪ ಮುಂದಿನ ಮಗ್ಗಲಿಗೆ ಮಾತ್ರ. ಹಿಂದಿನ ಮೆತ್ತನೆಯ ಭಾಗ ಸವೆದ ಹಾಗೆ ಅಂಚು ತಾನೇ ಹರಿತ ಆಗತದ. ಕಲ್ಲು ಬಹಳ ಇರುವ ಹೊಲದಲ್ಲಿ ಮಾತ್ರ ಈ ಪದರ ಚಕ್ಕೆ ಏಳಬಹುದು. ಅಲ್ಲಿ ಸ್ಪ್ರಿಂಗ್ ಪಟ್ಟಿಯೇ ಲೇಸು.

ಕೊಳ್ಳುವಾಗ ಒಂದು ಪರೀಕ್ಷೆ ಮಾಡ್ರಿ. ಅಂಚಿನ ಬಣ್ಣ ತೆಗೆದು ಅರ ಹಾಕಿ ಉಜ್ಜಿ ನೋಡ್ರಿ. ಗಟ್ಟಿ ಇದ್ದರೆ ಅರ ಜಾರತದ, ಮೆತ್ತಗಿದ್ದರೆ ಕಚ್ಚಿ ಪುಡಿ ಉದುರತದ. ಅಂಗಡಿಯವರು ಬೇಡ ಅಂದರೆ ಅದೇ ಉತ್ತರ ಅಂತ ತಿಳೀರಿ.

ಉಕ್ಕಿನ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಬುಕಾನನ್ ಇಲ್ಲಿನ ಮೂಸೆ ಉಕ್ಕಿನ ಕುಲುಮೆಗಳ ಬಗ್ಗೆ ಬರೆದಿದ್ದಾನೆ. ನಮ್ಮ ಜಿಲ್ಲೆಯ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನರಿಗೆ ಕೂರಿಗೆ ಮುಂತಾದ ಸಾಧನಗಳಿಗಾಗಿ 2022ರಲ್ಲಿ ಪದ್ಮಶ್ರೀ ಬಂತು. ಇಂಥ ಸೀಮೆಯಲ್ಲಿ ಕುಡದ ಮೇಲೆ ಯಾವ ಉಕ್ಕು, ಎಷ್ಟು ಗಟ್ಟಿ ಅಂತ ಎರಡು ಅಕ್ಷರ ಒತ್ತೋದು ತಯಾರಕರಿಗೆ ಭಾರ ಅಲ್ಲ. ಬೀಜದ ಚೀಲಕ್ಕೆ ಚೀಟಿ ಕಡ್ಡಾಯ ಇದ್ದಂತೆ ಇದಕ್ಕೂ ಇರಲಿ.

ಧಾರವಾಡದ ಕೃಷಿಮೇಳದಲ್ಲಿ ಬೀಜದ ಮಳಿಗೆಯ ಪಕ್ಕ ಒಂದು ಕುಲುಮೆ ಹೂಡಲಿ, ಉಳಿದ ಕಂಬಾರರನ್ನೂ ಹಳ್ಳಿಯ ವೆಲ್ಡಿಂಗ್ ಹುಡುಗರನ್ನೂ ಕರೆದು ಈ ಕೆಲಸ ಕಲಿಸಲಿ. ನಾವೂ ಅವರಿಗೆ ಕೆಲಸಕ್ಕೆ ತಕ್ಕ ಕೂಲಿ ಕೊಡೋಣ. ನೂರು ರೂಪಾಯಿ ಉಳಿಸಲಿಕ್ಕೆ ಹೋಗಿ ಒಂದು ಹದ ಕಳಕೊಂಡರೆ ಆ ಲೆಕ್ಕ ಯಾರಿಗೂ ಹೊಂದೋದಿಲ್ಲ.